ಯಾರನ್ನೂ ನಂಬದ ವಿಮಲ

ನನ್ನ ತಂಗಿ ವಿಮಲಳ ತಿರಸ್ಕಾರ ಮೂಗಿನಿಂದ ಹೊರಡುತ್ತಿತ್ತು. ಬಾಯಿ ತೆರೆಯುವ ಮೊದಲೇ ಒಂದು ಸಣ್ಣ 'ಹುಂ'. ಅದನ್ನು ಕೇಳಿದ ಗಿರಾಕಿ, ತಂದ ಬಟ್ಟೆಯನ್ನು ತಾನೇ ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಶಿವಾಜಿನಗರದ ನಮ್ಮ ಟೈಲರ್ ಅಂಗಡಿಯಲ್ಲಿ ಕತ್ತರಿಸುವವಳು ಅವಳು, ಹೊಲಿಯುವವನು ನಾನು. ನಾನು ಏಳನೇ ತರಗತಿ ಫೇಲು. ಅವಳು ಹತ್ತು ಪಾಸಾಗಿ, ಮಿಕ್ಕದ್ದನ್ನು ಫೋನ್ ನೋಡಿಕೊಂಡು ಕಲಿತವಳು.

ರವಿಕೆಯ ಅಳತೆಗಳನ್ನು ಕಂದು ಕಾಗದದ ಮೇಲೆ ಬರೆದು, ಫೋಟೊ ತೆಗೆದು, ತನ್ನ ವೆಬ್‌ಸೈಟಿಗೆ ಹಾಕುತ್ತಿದ್ದಳು. ಗೂನು ಬೆನ್ನಿನವರಿಗೆ, ಒಂದು ಸ್ತನ ತೆಗೆಸಿಕೊಂಡವರಿಗೆ, ಬೇರೆ ಟೈಲರುಗಳು ಹೊಲಿಯಲು ಒಪ್ಪದ ಮೈಗಳಿಗೆ ಅವಳಲ್ಲಿ ಅಳತೆಯಿತ್ತು. ಊರೂರಿನ ಹೆಂಗಸರು ಅದನ್ನು ನೋಡಿ ಹೊಲಿಯುತ್ತಿದ್ದರು. ಫೋಟೊ ಆದ ಮೇಲೆ ಆ ಕಾಗದ, ಕೆಲಸ ಕಲಿಯುವವರು ಕತ್ತರಿಸಿ ಅಭ್ಯಾಸ ಮಾಡಲು ಹೋಗುತ್ತಿತ್ತು.

ವೆಬ್‌ಸೈಟು ಇಡುವ ಸರ್ವರ್ ಎಂಬ ಒಂದೇ ಯಂತ್ರದಲ್ಲಿ ನೂರಾರು ಜನರ ಸೈಟುಗಳಿದ್ದುದರಿಂದ ಹಬ್ಬದ ದಿನಗಳಲ್ಲಿ ಅವಳದು ತೆವಳುತ್ತಿತ್ತು. "ವಠಾರಕ್ಕೆಲ್ಲ ಒಂದೇ ನಲ್ಲಿ ಇದು. ನಂಗೆ ನಂದೇ ಮಷೀನ್ ಬೇಕು," ಎಂದು ನನ್ನನ್ನೂ ಎಳೆದುಕೊಂಡು, ಇಡೀ ಸರ್ವರನ್ನೇ ಬಾಡಿಗೆಗೆ ಕೊಡುವ ಮಾರತ್ತಹಳ್ಳಿಯ ಕಚೇರಿಯೊಂದಕ್ಕೆ ಹೋದಳು. ಅಲ್ಲಿದ್ದವನು ಎಲ್ಲಕ್ಕಿಂತ ದೊಡ್ಡದನ್ನೇ ತೋರಿಸಿದ.

"ರಾಕೆಟ್ ಥರ ಓಡುತ್ತೆ ಮೇಡಂ."

"ನಾನೇನು ಚಂದ್ರಲೋಕಕ್ಕೆ ಹೋಗ್ತಿಲ್ಲ. ಡಿಸ್ಕ್ ಕೆಟ್ರೆ ಎಷ್ಟು ಹೊತ್ತಲ್ಲಿ ಬದಲಾಯಿಸ್ತೀರಾ?"

"ಇಪ್ಪತ್ನಾಲ್ಕು ಗಂಟೆ ಸಪೋರ್ಟ್ ಇದೆ ಮೇಡಂ."

"ಅದು ನಿಮ್ಮ ಬೋರ್ಡಲ್ಲೇ ಇದೆ. ಕೇಳಿದ್ದಕ್ಕೆ ಉತ್ತರ ಹೇಳ್ರಿ."

ಅವನು ಯಾರನ್ನೋ ಕೇಳಿಬರಲು ಒಳಗೆ ಹೋದ. ಕೊನೆಗೆ ಅವಳು ಆರಿಸಿದ್ದು, ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲೂ ತಾನಾಗಿ ಬೀಳುವ ಎರಡು ಡಿಸ್ಕಿನ ಚಿಕ್ಕ ಯಂತ್ರ; ಅದನ್ನು ನಡೆಸಲು ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಸಿದಳು. ಅಂಗಡಿಯಲ್ಲಿ ನನ್ನನ್ನು ಕಪ್ಪು ಪರದೆಯ ಮುಂದೆ ಕೂರಿಸಿ, ನನಗೆ ನನ್ನದೇ ಹೆಸರಿನ ಲಾಗಿನ್ ಮಾಡಿಕೊಟ್ಟಳು. ಪ್ರತಿ ಶನಿವಾರ ಎಲ್ಲವನ್ನೂ ಹಲಸೂರಿನ ನಮ್ಮ ಮನೆಯಲ್ಲಿಟ್ಟ ಒಂದು ಬಿಡಿ ಡಿಸ್ಕಿಗೆ ಕಾಪಿ ಮಾಡುವುದು ನನ್ನ ಪಾಲಿನ ಕೆಲಸ.

"ಅದ್ರಲ್ಲೇ ಎರಡು ಡಿಸ್ಕ್ ಇದೆಯಲ್ಲೇ, ಮತ್ತ್ಯಾಕೆ?" ಎಂದೆ.

"ಹುಂ. ಒಂದು ಸತ್ರೆ ಇನ್ನೊಂದು ಉಳಿಸುತ್ತೆ. ನೀನು ಅಳಿಸಿದ್ರೆ ಎರಡೂ ಸೇರ್ಕೊಂಡು ಅಳಿಸುತ್ತೆ ಕಣಣ್ಣ. ನಿನ್ನ ಕೈಯಿಂದ ಕಾಪಾಡೋ ಮಷೀನ್ ಇನ್ನೂ ಬಂದಿಲ್ಲ."

ಎರಡು ವರ್ಷ, ವಾರವಾರವೂ "ಕಾಪಿ ಆಯ್ತು" ಎಂದೆ. ಒಂದು ಸಲವೂ ಮಾಡಲಿಲ್ಲ. ಹೊಸ ಸೂಜಿಯನ್ನೂ ಬೆರಳಿಗೆ ಒತ್ತಿ ಪರೀಕ್ಷಿಸುತ್ತಿದ್ದವಳು ನನ್ನ ಬಾಯಿಮಾತನ್ನು ಮಾತ್ರ ಪರೀಕ್ಷಿಸಲಿಲ್ಲ.

ಹೊಲಿಗೆ ಕಲಿಸಲು ಅವಳು ಒಂದು ತಿಂಗಳು ಕಲಬುರಗಿಗೆ ಹೋಗಿದ್ದಾಗ ಸೈಟು ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಪರದೆ ಹೇಳಿತು. ಫೋನ್ ಮಾಡಿದ್ದರೆ ಆಗುತ್ತಿತ್ತು, ಬೈಸಿಕೊಳ್ಳಲು ಮನಸ್ಸಿರಲಿಲ್ಲ. ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಫೋಲ್ಡರನ್ನು ಅಳಿಸಿದೆ. ಅವಳು ಹೇಳಿದ್ದನ್ನು ಮರೆತು, ಯಂತ್ರದ ಇನ್ನೊಂದು ಡಿಸ್ಕಿನಲ್ಲಿ ಇದ್ದೇ ಇರುತ್ತದೆ ಎಂದು ಧೈರ್ಯವಾಗಿ ಚಹಾ ಕುಡಿದೆ. ಇರಲಿಲ್ಲ. ಅವಳ ಅಷ್ಟೂ ಅಳತೆಗಳು ಆ ಫೋಲ್ಡರಿನಲ್ಲಿದ್ದವು.

ಅವಳು ಬಂದಾಗ, "ಕಂಪನಿಯವರ ಮಷೀನೇ ಕೆಟ್ಟೋಯ್ತಂತೆ," ಎಂದೆ. ಇಷ್ಟು ಹೇಡಿ ನಾನು. ಅವಳು ನನ್ನ ಲಾಗಿನ್ನಿನಲ್ಲಿ ನಡೆದ ಕೆಲಸದ ದಾಖಲೆ ತೆಗೆದು, ಫೋಲ್ಡರ್ ಅಳಿಸಿದ ಆ ಒಂದು ಸಾಲಿದ್ದ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಮನೆ ಡಿಸ್ಕ್ ತಗೊಂಡ್ಬಾ."

ತಂದುಕೊಟ್ಟೆ. ಡಬ್ಬದ ಪ್ಲಾಸ್ಟಿಕ್ ಹೊದಿಕೆಯೇ ಹರಿದಿರಲಿಲ್ಲ. ಅವಳು ಅದನ್ನು ಎರಡು ಸಲ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟಳು. ಆ ವಾರವೇ ಹೊರಮಾವಿನಲ್ಲಿ ಬೇರೆ ಮನೆ ಮಾಡಿಕೊಂಡು ಹೋದಳು.

ಹೋದ ತಿಂಗಳು ನೋಡಲು ಹೋಗಿದ್ದೆ. ಕಲಬುರಗಿಯ ಹೆಂಗಸರು, ಅವಳ ಅಳತೆ ಬರೆದುಕೊಂಡು ತಮ್ಮಲ್ಲಿ ಉಳಿದಿದ್ದ ಹರಕು ಕಾಗದಗಳ ಫೋಟೊ ಕಳಿಸಿದ್ದರು. ಅವನ್ನು ನೋಡಿ ಮತ್ತೆ ಬರೆಯುತ್ತಿದ್ದಳು. ಒಂದು ಸ್ತನದವರ ಅಳತೆ ಯಾರ ಬಳಿಯೂ ಇರಲಿಲ್ಲ.

"ಸ್ಕೇಲಾದ್ರೂ ಹಿಡ್ಕೊಳ್ಳಾ?" ಎಂದೆ.

"ಬೇಡ."

"ಹೊಸ ಮಷೀನಿಗೆ ನನ್ನ ಹೆಸರು ಹಾಕ್ತೀಯಾ?"

ಕಾಗದದಿಂದ ತಲೆಯೆತ್ತದೆ ಹೇಳಿದಳು: "ನೋಡೋಕೆ ಹಾಕ್ತೀನಿ. ಮುಟ್ಟೋಕಲ್ಲ."