ಬ್ಯಾಕ್ಸ್‌ಟರ್ ಅಜ್ಜನ ಅಡ್ಡಹೆಸರು

ಐವತ್ತು ದಾಟಿದವರಿಗೆಲ್ಲ ಹೇಳುವಂತೆ ಡಾಕ್ಟರು ನನಗೂ ಓಟ್ಸ್ ತಿನ್ನಲು ಹೇಳಿದ್ದಾರೆ. ಹಾಲಿನಲ್ಲಿ ಕುದಿಸಿದ ಆ ಅಂಟು ಗಂಜಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇವತ್ತು ಬೆಳಿಗ್ಗೆ ಅದನ್ನು ರವೆಯ ಹಾಗೆ ಹುರಿದು ಉಪ್ಪಿಟ್ಟು ಮಾಡೋಣವೆಂದು ಬಾಣಲೆ ಇಟ್ಟೆ. ಸಣ್ಣ ಉರಿಯಲ್ಲಿ ಐದು ನಿಮಿಷ ಕೈಯಾಡಿಸಿರಬೇಕು, ಒಂದು ವಾಸನೆ ಎದ್ದಿತು ನೋಡಿ. ಜೋಳದ ಹಿಟ್ಟು ಹಂಚಿಗೆ ಬಿದ್ದು ಕೆಂಪಗಾದಾಗ ಬರುವ ವಾಸನೆಗೆ ಅದು ಅಕ್ಕನೋ ತಂಗಿಯೋ ಆಗಬೇಕು. ಸೌಟು ಕೈಯಲ್ಲೇ ಉಳಿಯಿತು. ಅಮೆರಿಕದ ವಿಕ್ಸಮ್ ಊರಿನ ಈ ಅಡುಗೆಮನೆಯಿಂದ ನಾನು ಮೂವತ್ತು ವರ್ಷ ಹಿಂದಕ್ಕೆ, ಡೆಟ್ರಾಯಿಟಿನ ಒಂದು ಇಟ್ಟಿಗೆ ಮನೆಯ ಹಿಂಬದಿ ಮೆಟ್ಟಿಲಿಗೆ ಹೋಗಿ ನಿಂತಿದ್ದೆ.

ಆ ಮನೆ ಬ್ಯಾಕ್ಸ್‌ಟರ್ ಅಜ್ಜನದು. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು. ನಮ್ಮವರು ಆಗ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಹೊಸದಾಗಿ ಇಂಜಿನಿಯರ್ ಆಗಿದ್ದರು. ನಾನು ಗದಗಿನಿಂದ ಬಂದು ಆರೇ ತಿಂಗಳಾಗಿತ್ತು. ಅಜ್ಜ ಹುಡುಗನಾಗಿದ್ದಾಗ ಸ್ಕಾಟ್ಲೆಂಡಿನಿಂದ ಬಂದು, ನಲವತ್ತು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣ ಕೊರೆದು, ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದರು. ವಾರಕ್ಕೊಮ್ಮೆ ಓಟ್ಸ್ ಹಿಟ್ಟಿನ ತೆಳು ಬಿಲ್ಲೆಗಳನ್ನು ಕಬ್ಬಿಣದ ಹಂಚಿನ ಮೇಲೆ ಸುಡುತ್ತಿದ್ದರು. ಆ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ನಮ್ಮ ಗೋಧಿ ರೊಟ್ಟಿಯ ವಾಸನೆ ಕೆಳಗಿಳಿಯುತ್ತಿತ್ತು. ನಮ್ಮ ಸ್ನೇಹ ಹಾಗೆ ಶುರುವಾದದ್ದು.

ಅಮೆರಿಕದವರ ಇಂಗ್ಲಿಷು ನನಗೆ ಅರ್ಥವಾಗುತ್ತಿರಲಿಲ್ಲ. ಮಾತನ್ನೆಲ್ಲ ಮೂಗಿನಲ್ಲಿ ನುಂಗಿಬಿಡುತ್ತಿದ್ದರು. ಅಜ್ಜ ಮಾತ್ರ ‘ರ’ಕಾರವನ್ನು ನಮ್ಮೂರ ಚಕ್ಕಡಿಯ ಗಾಲಿಯಂತೆ ಗಡಗಡ ಉರುಳಿಸುವರು. ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಹಾಗಾಗಿಯೋ ಏನೋ, ಅವರ ಮಾತು ಈಗಲೂ ನನಗೆ ನೆನಪಾಗುವುದು ನಮ್ಮ ಕಡೆಯ ಕನ್ನಡದಲ್ಲೇ. ನೀವೂ ಹಾಗೇ ಕೇಳಿಸಿಕೊಳ್ಳಿ.

ನಮ್ಮ ಕಡೆ ಮನೆತನದ ಹೆಸರಿಗೆ ಅಡ್ಡಹೆಸರು ಎನ್ನುತ್ತೇವೆ. ನಮ್ಮದು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ನಗಬೇಡಿ, ಪಕ್ಕದ ಮನೆಯವರು ಮೆಣಸಿನಕಾಯಿ, ಎದುರಿನವರು ಬೆಲ್ಲದ. ಮೂರು ಮನೆ ಸೇರಿದರೆ ಒಂದು ಅಡುಗೆ ಆಗುತ್ತಿತ್ತು. ಆದರೆ ನಮ್ಮವರಿಗೆ ಇಲ್ಲಿ ಅದನ್ನು ಹೇಳಲು ಸಂಕೋಚ. ಫೋರ್‌ಮನ್ ಅರ್ಥ ಕೇಳಿದಾಗ, ಅದು ನಮ್ಮ ಪ್ರಾಂತ್ಯದ ಒಂದು ಹಳೆಯ ಕೋಟೆಯ ಹೆಸರು ಎಂದು ಹೇಳಿ ಬಂದಿದ್ದರು.

ಬ್ಯಾಕ್ಸ್‌ಟರ್ ಅಜ್ಜನಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಅವರ ಹಜಾರದ ಗೋಡೆಯ ಮೇಲೆ ಕತ್ತಿ, ಕುದುರೆಗಳಿದ್ದ ಒಂದು ಚಿತ್ರಕ್ಕೆ ಚೌಕಟ್ಟು ಹಾಕಿಸಿದ್ದರು. “ನಮ್ಮ ಮೊದಲನೇ ಬ್ಯಾಕ್ಸ್‌ಟರ್ ರಾಜನ ಬಾವುಟ ಹಿಡದು ಯುದ್ಧಕ್ಕ ಹ್ವಾದಾವ, ಲ್ಯಾಸಿ,” ಎನ್ನುವರು. ಲ್ಯಾಸಿ ಎಂದರೆ ಅವರ ಕಡೆ ಹುಡುಗಿ. ಅವರ ಊರಿನವರದೊಂದು ಸಂಘವಿತ್ತು. ಪ್ರತಿ ಚಳಿಗಾಲ ಅದರ ಊಟದ ದಿನ ಒಬ್ಬರು ತಮ್ಮ ಮನೆತನದ ಹೆಸರಿನ ಚರಿತ್ರೆ ಹೇಳಬೇಕು. ವರ್ಷಗಟ್ಟಲೆ ಕಾದ ಮೇಲೆ ಆ ಸಲ ಅಜ್ಜನ ಪಾಳಿ ಬಂದಿತ್ತು. ಎರಡು ಹಾಳೆ ಬರೆದು, ತಿದ್ದಿ, ಮತ್ತೆ ಬರೆದು ನನಗೆ ಓದಿ ತೋರಿಸುತ್ತಿದ್ದರು. ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು.

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ. ಇಂಗ್ಲಿಷ್ ಸುಧಾರಿಸಲೆಂದು ದಿನಾ ಮಧ್ಯಾಹ್ನ ಲೈಬ್ರರಿಗೆ ನಡೆದು ಹೋಗುತ್ತಿದ್ದೆ. ಅಲ್ಲಿ ಸ್ಕಾಟ್ಲೆಂಡಿನ ಮನೆತನದ ಹೆಸರುಗಳದೇ ಒಂದು ದಪ್ಪ ಪುಸ್ತಕ ಸಿಕ್ಕಿತು. ಪುಟ ತಿರುವಿದರೆ ನಮ್ಮ ಗದಗಿನ ಪೇಟೆ! ವಾಕರ್ ಅಂದರೆ ಬಟ್ಟೆ ತುಳಿದು ಹದ ಮಾಡುವವನು, ವೆಬ್‌ಸ್ಟರ್ ಅಂದರೆ ನೇಯುವವರು, ಲೋರಿಮರ್ ಅಂದರೆ ಕುದುರೆಯ ಕಡಿವಾಣ ಮಾಡುವವನು. ಬ್ಯಾಕ್ಸ್‌ಟರ್ ಎಂಬಲ್ಲಿ, ರೊಟ್ಟಿ ಸುಡುವವರು, ಮೂಲದಲ್ಲಿ ರೊಟ್ಟಿ ಸುಡುವ ಹೆಂಗಸು ಎಂದಿತ್ತು. ನನಗಾದ ಸಂತೋಷ ಎಷ್ಟೆಂದರೆ, ಅದನ್ನು ಚೀಟಿಯಲ್ಲಿ ಬರೆದುಕೊಂಡು ಹಿಮದಲ್ಲಿ ಜಾರುತ್ತ ಮನೆಗೆ ಓಡಿದೆ. ಗಂಡು ಹುಟ್ಟಿದ ಸುದ್ದಿಯನ್ನೂ ಯಾರೂ ಅಷ್ಟು ಉತ್ಸಾಹದಿಂದ ಮುಟ್ಟಿಸಿರಲಾರರು.

ಅಜ್ಜ ಬಾಗಿಲಲ್ಲೇ ನಿಂತು ಚೀಟಿ ಓದಿದರು.

“ಹೆಂಗಸಂತ?”

“ಹೌದ್ರಿ. ನಮ್ಮಂಗ ನೀವೂ. ನಾವು ಉಳ್ಳಾಗಡ್ಡಿ, ನೀವು ರೊಟ್ಟಿ.”

ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದರು. “ಥ್ಯಾಂಕ್ಯೂ, ಮಿಸೆಸ್ ಉಳ್ಳಾಗಡ್ಡಿ,” ಎಂದು ಬಾಗಿಲು ಹಾಕಿಕೊಂಡರು. ಲ್ಯಾಸಿ ಎನ್ನಲಿಲ್ಲ. ಆಗ ನನಗೆ ಹೊಳೆಯಿತು.

“ನಿನಗ್ಯಾಕ ಬೇಕಿತ್ತು?” ಎಂದರು ನಮ್ಮವರು. “ಮನುಷ್ಯಾ ವರ್ಷಗಟ್ಟಲೆ ಕುದರಿ ಹತ್ತಿ ಕುಂತಿದ್ದ. ನೀ ಹೋಗಿ ಒಲಿ ಮುಂದ ಕುಂಡ್ರಿಸಿ ಬಂದಿ.”

“ನಿಮ್ಮ ಆ ಹಳೇ ಕೋಟಿ ನಾ ಕೆಡವಿಲ್ಲಲ್ಲ,” ಎಂದೆನೇನೋ ಹೌದು. ಆದರೆ ಈ ದೇಶದಲ್ಲಿ ನನ್ನ ಮಾತಿಗೆ ಕಿವಿಗೊಡುತ್ತಿದ್ದ ಒಂದೇ ಒಂದು ಜೀವ ಅಜ್ಜನದು. ಮರುದಿನ ತಟ್ಟೆಯಲ್ಲಿ ರೊಟ್ಟಿ ಇಟ್ಟು, ಮೇಲೊಂದು ಅರಿವೆ ಮುಚ್ಚಿ ಮೆಟ್ಟಿಲ ಮೇಲಿಟ್ಟೆ. ಸಂಜೆಗೆ ತಟ್ಟೆ ತೊಳೆದು ಅದೇ ಮೆಟ್ಟಿಲ ಮೇಲಿತ್ತು. ತಿಂದರೋ, ಹಕ್ಕಿಗಳಿಗೆ ಹಾಕಿದರೋ, ತೊಳೆದ ತಟ್ಟೆ ಏನು ಹೇಳೀತು? ಎರಡು ವಾರ ಹೀಗೇ ನಡೆಯಿತು. ಕೆಳಗೆ ಹಂಚು ಕಾಯಲೇ ಇಲ್ಲ.

ಊಟದ ದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಜ್ಜ. ತಮ್ಮ ಕಡೆಯ ಗಂಡಸರು ಹಬ್ಬಕ್ಕೆ ಉಡುವ ಚೌಕಳಿ ನಿರಿಗೆಲಂಗ ಉಟ್ಟು, ಉಣ್ಣೆಯ ಕಾಲುಚೀಲ ಏರಿಸಿ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬರಿಯ ಮೊಣಕಾಲಲ್ಲಿ ನಿಂತಿದ್ದರು. “ಹೊತ್ತಾತು, ನಡೀರಿ,” ಎಂದರು.

ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟ. ನಮ್ಮ ತಟ್ಟೆಗೆ ಬೇಯಿಸಿದ ಆಲೂಗಡ್ಡೆ, ಗಜ್ಜರಿ. ಅದೂ ನನಗೆ ಸೇರಲಿಲ್ಲ. ಅಜ್ಜ ಎದ್ದು ನಿಂತರು. ಜೇಬಿನಿಂದ ಎರಡು ಹಾಳೆ ತೆಗೆದರು, ಕನ್ನಡಕ ಹಾಕಿಕೊಂಡರು, ನೋಡಿದರು, ಮತ್ತೆ ಮಡಿಚಿ ಒಳಗಿಟ್ಟರು.

“ಈ ಹಾಳಿಯೊಳಗ ಬಾವುಟ ಐತಿ, ಕುದರಿ ಐತಿ. ಎಲ್ಲಾ ನಾನ ಹುಟ್ಟಿಸಿದ್ದು,” ಎಂದರು. “ನಮ್ಮ ಮ್ಯಾಲಿನ ಮನಿ ಹೆಣ್ಣಮಗಳು ಖರೇದ್ದು ಹುಡಿಕಿ ತಂದಾಳ. ಬ್ಯಾಕ್ಸ್‌ಟರ್ ಅಂದ್ರ ರೊಟ್ಟಿ ಸುಡಾಕಿ.”

ಯಾರೋ ನಕ್ಕರು. ಅಜ್ಜ ನಗು ನಿಲ್ಲುವವರೆಗೆ ತಡೆದರು.

“ನಮ್ಮಪ್ಪ ಸಮುದ್ರದಾಗ ಹ್ವಾದ ಮ್ಯಾಲ ನಮ್ಮವ್ವ ಬ್ರೆಡ್ ಅಂಗಡಿಯೊಳಗ ದುಡದಳು. ಮೊಳಕೈತನಕ ಸುಟ್ಟ ಗೀರು. ನನ್ನ ಕೋಟಿನ ಮ್ಯಾಲೆ ಹಿಟ್ಟು ನೋಡಿ ಸಾಲಿ ಹುಡುಗರು ನಗತಿದ್ರು. ಆಕಿ ಏನು ಮಾಡತಿದ್ಲು ಅಂತ ಇಲ್ಲಿ ಬಂದ ಮ್ಯಾಲ ನಾ ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ. ನಮ್ಮವ್ವಗ ಈ ಹೆಸರು ಮದುವಿಯಿಂದ ಬಂದದ್ದು; ಆದ್ರ ನನಗ ಗೊತ್ತಿರೋ ಬ್ಯಾಕ್ಸ್‌ಟರ್‌ಗಳೊಳಗ ಹೆಸರಿನಂಗ ಬಾಳಿದಾಕಿ ಆಕಿ ಒಬ್ಬಾಕಿನ. ಆಕಿ ಹೆಸರು ಜೀನ್. ನನ್ನ ಚರಿತ್ರಾ ಇಷ್ಟ.”

ಹಿಂದಿನ ಮೇಜಿನಿಂದ ಒಬ್ಬ ಮುದುಕ ಕೂಗಿದ: “ಹಂಗಾದ್ರ ಬಾವುಟ ಹಿಡಿದಾವ ಯಾರೋ?”

“ಯಾವನೋ ಹಸಿದಾವ,” ಎಂದರು ಅಜ್ಜ. “ರೊಟ್ಟಿಗೆ ಕಾಕೋತ ನಿಂತಿದ್ದ.”

ನೆಲಮಾಳಿಗೆ ನಕ್ಕು ನಕ್ಕು ಸುಸ್ತಾಯಿತು. ಅಜ್ಜ ಬಂದು ನನ್ನ ಪಕ್ಕ ಕುಳಿತರು. “ನೀರು ಕೊಡು, ಲ್ಯಾಸಿ,” ಎಂದರು.

ಯುದ್ಧಕ್ಕೆ ಹೋದವರ ಕಥೆಗಳನ್ನು ನಾನೂ ಕೇಳಿದ್ದೇನೆ. ಎಪ್ಪತ್ತರ ಹತ್ತಿರದ ಒಬ್ಬ ಮನುಷ್ಯ, ತನ್ನವರೇ ಇನ್ನೂರು ಜನರ ಎದುರಿಗೆ, ಜೇಬಿನಲ್ಲಿ ಸಿದ್ಧವಾಗಿದ್ದ ಕುದುರೆಯಿಂದ ಇಳಿದು ನಿಂತದ್ದನ್ನು ಮಾತ್ರ ಕಣ್ಣಾರೆ ಕಂಡೆ. ನಮ್ಮವರಿಗೂ ಅದು ತಟ್ಟಿರಬೇಕು, ದಾರಿಯುದ್ದಕ್ಕೂ ಗಂಭೀರವಾಗಿದ್ದರು. ಫೋರ್‌ಮನ್‌ಗೆ ಹೇಳಿದ ಕೋಟೆಯನ್ನು ಕೆಡವಿದರೋ ಎಂದು ಕೇಳಬೇಡಿ. ಇನ್ನೂ ಗಟ್ಟಿಮುಟ್ಟಾಗಿದೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಓಟ್ಸ್ ಕರಿಯಾಗಿತ್ತು. ಒಲೆ ಆರಿಸಿದೆ. ಮೂವತ್ತು ವರ್ಷ ಬೇರೆಯವರ ಹೆಸರಿನ ಬೇರು ಹುಡುಕಿದ ಕಥೆಯನ್ನು ಊರವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಾನು ಸೇರಿದ ಮನೆಯ ಹೆಸರು ಯಾರಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ಗದಗಿನಲ್ಲಿ ಆಗ ಸಂಜೆ. ಅತ್ತೆಗೆ ಫೋನ್ ಮಾಡಿದೆ. ಎಂಬತ್ತು ದಾಟಿದ್ದಾರೆ, ಕಿವಿ ಮಂದ, ನೆನಪು ಚುರುಕು.

“ಅತ್ತಿ, ನಮ್ಮ ಮನ್ಯಾಗ ಮೊದಲ ಉಳ್ಳಾಗಡ್ಡಿ ಯಾಪಾರ ಮಾಡಿದವರು ಯಾರ್‍ರಿ?”

“ಇಷ್ಟು ದೂರದಿಂದ ಇದನ್ನ ಕೇಳಾಕ ಫೋನ್ ಹಚ್ಚಿ ಏನವಾ? ನಿಮ್ಮ ಮಾವನ ಮುತ್ತ್ಯಾನ ಅವ್ವ ಅಂತ. ಗಂಡ ಸತ್ತ ಮ್ಯಾಲ ಬುಟ್ಟಿ ಹೊತ್ತು ಸಂತಿಗೆ ಹೋಗಿ ಕುಂತಳಂತ. ಗಂಡಸ್ರೆಲ್ಲಾ ಆಮ್ಯಾಲ ಬಂದದ್ದು.”

“ಆಕಿ ಹೆಸರೇನ್ರಿ?”

“ಹೆಸರು ಯಾರೂ ಹೇಳಲಿಲ್ಲ ತಂಗಿ. ಉಳ್ಳಾಗಡ್ಡ್ಯಾಕಿ ಅಂತಿದ್ರು, ಅಷ್ಟ.”