ಹತ್ತು ಕಿಲೋ ಬೆಲ್ಲದ ಪೆಂಟಿ ಮತ್ತು ಎರಡನೇ ನಂಬರಿನ ಸಿಪಾಯಿ

ನನಗ ಒಂದು ಕೆಟ್ಟ ಚಟ ಐತಿ. ನನ್ನ ಚಿತ್ರದಾಗ ಯಾರರ ತಪ್ಪು ತೋರಿಸಿದ್ರ ಮೊದಲ ಸಿಟ್ಟಾಗತೀನಿ, ಆಮ್ಯಾಲೆ ಅವರ ಮಾತು ಕೇಳತೀನಿ. ನಿಪ್ಪಾಣಿಯಾಗ ಡ್ರಾಯಿಂಗ್ ಮಾಸ್ತರಿಕಿ ಮಾಡಿಕೋತ ಎಪ್ಪತ್ತೊಂದರ ಯುದ್ಧದ ಮ್ಯಾಲೆ ಒಂದು ಕಾಮಿಕ್ಸ್ ಬರಿಯಾಕತ್ತಿದ್ದೆ. ಕತಿ ಸತ್ತಿ ಊರಿನ ಹವಾಲ್ದಾರ್ ಕಾಕಾಂದು; ಐತವಾರ ಅವರ ಮನಿಗೆ ಹೋಗಿ ಕೇಳತಿದ್ದೆ. ಫೌಜಿನಾಗ ಅವರು ಲೈಟ್ ಮಷಿನ್‌ಗನ್ನಿನ ಎರಡನೇ ನಂಬರ್. ಒಂದನೇ ನಂಬರಿನವ ಗುಂಡು ಹಾರಸತಾನ, ಎರಡನೇದಾಂವ ಗುಂಡಿನ ಡಬ್ಬಿ, ಅಂದ್ರ ಮ್ಯಾಗಜಿನ್, ಹೊತಗೊಂಡು ಅವನ ಜೋಡಿ ಇರತಾನ.

"ಜೋಡಿ ಏನ್ ಬಂತ್ರಿ, ಡಬ್ಬಿ ಹೊತ್ತಾರ ಅಷ್ಟ," ಅಂತ ಕಾಕು ಚಾ ಕೊಡುವಾಗೆಲ್ಲ ಗಂಡನ ಕಾಲು ಎಳೀತಿದ್ರು. ಐವತ್ತು ವರ್ಷದಿಂದ ಅದ ಮಾತು. ಕಾಕಾ ನಗತಿದ್ರು. ಆದ್ರ ಒಮ್ಮಿ ನನ್ನ ಹೊರಗ ಕರಕೊಂಡು ಹೋಗಿ, "ಮಾಸ್ತರ, ಇಕಿ ನೋಡೂವಂಗ ಒಂದು ಚಿತ್ರ ಬರೀರಿ. ನಾನೂ ಯುದ್ಧದಾಗ ಇದ್ದೆ ಅಂತ ನಂಬಲಿ," ಅಂದ್ರು.

ಮೊಬೈಲಿನಾಗ ಕಂಡ ಫೋಟೋ ಎಲ್ಲಾ ಹುಡುಕಿ ಬರದೆ. ಒಂದ ಕೈಯಾಗ ಗನ್, ಎದಿ ತುಂಬ ಗುಂಡಿನ ಪಟ್ಟಿ, ಹೀರೋ ಓಡಾಕತ್ತಾನ! ಕಾಕಾ ನೋಡಿ ಕನ್ನಡಕ ತಗದ್ರು.

"ಇದಕ್ಕ ಪಟ್ಟಿ ಇರಲಿಲ್ರಿ. ಮ್ಯಾಗಜಿನ್ ಗನ್ನಿನ ನೆತ್ತಿ ಮ್ಯಾಲೆ ಕೂಡತಿತ್ತು. ಮತ್ತ ಒಂದ ಕೈಯಾಗ ಯಾಂವ ಓಡ್ಯಾನ?"

"ಓದೋರಿಗೆ ಮಜಾ ಬರಬೇಕಲ್ರಿ ಕಾಕಾ!" ನಾನೂ ದನಿ ಏರಿಸಿದೆ.

ಅವರು ಒಳಗ ಹೋಗಿ ಬೆಲ್ಲದ ಪೆಂಟಿ, ದೊಡ್ಡ ಅಚ್ಚು, ತಂದ್ರು. "ಹತ್ತು ಕಿಲೋ. ಗನ್ನೂ ಇಷ್ಟ ಇತ್ತು. ಆ ಕಬ್ಬಿನ ಬದುವಿನ ತನಕ ಓಡ್ರಿ, ಒಂದ ಕೈಯಾಗ."

ಹಟ ಬಿಡಲಿಲ್ಲ, ಓಡಿದೆ. ಇಪ್ಪತ್ತು ಹೆಜ್ಜಿಗೆ ಪೆಂಟಿ ಒಂದು ಕಡೆ, ನಾ ನೀರಿನ ಕಾಲುವ್ಯಾಗ. ಎಪ್ಪಾ, ಮಾಡಿದ್ದುಣ್ಣೋ ಮಹಾರಾಯ! ಕಾಕು ಹೊಟ್ಟಿ ಹಿಡಕೊಂಡು ನಕ್ಕರು.

ಕಾಕಾ ನಗಲಿಲ್ಲ. ಕಬ್ಬಿನ ಗಳ ಒಂದು ಗನ್ ಅಂತ ನೆಲದ ಮ್ಯಾಲಿಟ್ಟು ನನ್ನ ಅದರ ಹಿಂದ ಬೋರಲ ಮಲಗಿಸಿದ್ರು. ತಾವೂ ನನ್ನ ಎಡಕ್ಕ ಮಲಗಿದ್ರು, ಮೊಣಕಾಲು ಲಟಲಟ ಅಂದ್ವು.

"ನೀವು ಒಂದನೇ ನಂಬರ್. ಮ್ಯಾಗಜಿನ್ ಮುಗೀತು. ಈಗ ಬದಲಿ ಮಾಡಾಂವ ಯಾರು?" ಅವರ ಭುಜ ನನ್ನ ಭುಜಕ್ಕ ಹತ್ತಿತ್ತು. "ಗುಂಡು ಬರೂದು ಇಬ್ಬರ ಮ್ಯಾಲೂ. ನಿಮ್ಮ ಚಿತ್ರದಾಗ ನಾ ಎಲ್ಲಿ ಅದೀನ್ರಿ, ಮಾಸ್ತರ?"

ನನಗ ಭಾಳ ನಾಚಿಕಿ ಆತು. ಗನ್ ತಪ್ಪು ಬರದು, ಆ ಮನಿಷಾನ್ನ ಯುದ್ಧದಿಂದನ ಅಳಿಸಿಬಿಟ್ಟಿದ್ದೆ.

ಮುಂದಿನ ಐತವಾರ ಹೊಸಾ ಪುಟ ಒಯ್ದೆ. ಮಣ್ಣಾಗ ಇಬ್ಬರು ಮಲಗ್ಯಾರ, ಭುಜಕ್ಕ ಭುಜ ಹಚ್ಚಿ. ಕಾಕಾನ ಕೈ ಮ್ಯಾಗಜಿನ್ ಮ್ಯಾಲೆ. ಕಾಕಾ ನೋಡಿ ಕಾಕು ಕೈಗೆ ಕೊಟ್ರು.

ಕಾಕು ಪುಟ ಬೆಳಕಿಗೆ ಹಿಡದು ನೋಡಿದ್ರು. "ಗನ್ನಿಗೆ ಇಷ್ಟ ಹತ್ರ ಇದ್ದಿರೇನ್ರಿ? ನನಗ ಒಮ್ಮಿನೂ ಹೇಳಲಿಲ್ಲಲ್ಲ."

"ಹೇಳಿದ್ನಲ್ಲ. ನೀ ನಗತಿದ್ದಿ."

ಕಾಕು ಸೆರಗಿಲೆ ಮೂಗು ಒರಸಿಕೊಂಡು ನನ್ನ ಕಡೆ ತಿರುಗಿದ್ರು. "ಮಾಸ್ತರ, ಮೀಸಿ ತಪ್ಪೈತಿ. ಆಗ ಇವರ ಮೀಸಿ ಇದರ ಎರಡರಷ್ಟು ಇತ್ತು. ಸರಿ ಮಾಡ್ರಿ."