ಆರ್ಡಿತ್ ಶೂಪಳ ಮೂರು ನಿಮಿಷ

ಆರ್ಡಿತ್ ಶೂಪ್ ಕರುಣೆಯಿಲ್ಲದ ಹೆಂಗಸು. ಸಿಟ್ಟಿನಿಂದ ಹೇಳುವ ಮಾತಲ್ಲ ಇದು. ಮೂವತ್ತು ವರ್ಷ ಅವಳನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಕರುಣೆಯಿಲ್ಲದವರಲ್ಲಿ ದುಷ್ಟರು ಇರುತ್ತಾರೆ, ಪ್ರಾಮಾಣಿಕರೂ ಇರುತ್ತಾರೆ. ಆರ್ಡಿತ್ ಎರಡನೆಯ ಜಾತಿ. ಆ ಪ್ರಾಮಾಣಿಕತೆಯಿಂದ ಯಾರಿಗಾದರೂ ಉಪಕಾರವಾದದ್ದನ್ನು ನಾನು ಕಂಡಿಲ್ಲ.

ಟ್ಯಾನರ್ಸ್ ಗ್ಯಾಪ್ ಶಾಲಾ ಮಂಡಳಿಗೆ ಅವಳು ಕಾರ್ಯದರ್ಶಿ. ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವಿನ ಈ ಊರಲ್ಲಿ ಮಂಡಳಿಯ ಒಂಬತ್ತು ಸದಸ್ಯರು ಚುನಾವಣೆಗೊಮ್ಮೆ ಬದಲಾಗುತ್ತಾರೆ, ಆರ್ಡಿತ್ ಬದಲಾಗುವುದಿಲ್ಲ. ತಿಂಗಳ ಮೊದಲ ಮಂಗಳವಾರ ಸಂಜೆ ಏಳಕ್ಕೆ ಸಭೆ. ಮಾತಾಡಬೇಕೆಂದಿರುವ ಊರವರು ಸೋಮವಾರ ಮಧ್ಯಾಹ್ನದೊಳಗೆ ಹೆಸರು, ವಿಳಾಸ ಬರೆದ ಚೀಟಿ ಕೊಡಬೇಕು. ಒಬ್ಬರಿಗೆ ಮೂರು ನಿಮಿಷ. ಆ ಮೂರು ನಿಮಿಷ ಅಳೆಯಲು ಅವಳು ಮನೆಯಿಂದ ತರುವುದು ಮೊಟ್ಟೆ ಬೇಯಿಸುವಾಗ ಇಡುವ ತಗಡಿನ ಗಡಿಯಾರ, ಹೇಂಟೆಯ ಆಕಾರದ್ದು. ಅದು ಟ್ರಿಣ್ ಎಂದರೆ ಮಾತು ನಿಲ್ಲಬೇಕು. ಹೇಳಿದ್ದಷ್ಟೂ ನಡಾವಳಿಯಲ್ಲಿ ದಾಖಲಾಗುತ್ತದೆ. ಗಂಟೆಯ ನಂತರದ ಒಂದು ಅಕ್ಷರವೂ ಸೇರುವುದಿಲ್ಲ. ಬರೆದು ಕೊಟ್ಟ ಕಾಗದವನ್ನು ಸೇರಿಸುವಂತಿಲ್ಲ, ಬಾಯಲ್ಲಿ ಆಡಿದ್ದು ಮಾತ್ರ. ಈ ನಿಯಮಗಳನ್ನು ಟೈಪ್ ಮಾಡಿದವಳೂ ಅವಳೇ.

ಅವಳ ಗಂಡ ಕ್ಲೇರ್ ಜಿಂಕೆ ಬೇಟೆಯ ಮೊದಲ ದಿನ, ಸೋಮವಾರ, ಮರದ ಅಟ್ಟಣೆಯಿಂದ ಬಿದ್ದು ಸತ್ತ. ಮಂಗಳವಾರ ಆರ್ಡಿತ್ ಸಭೆಗೆ ಬಂದಳು. ನಡಾವಳಿಯಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ನಾನು ಈ ಊರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿದವಳು, ತಪ್ಪು ಹುಡುಕುವುದು ನನ್ನ ಚಾಳಿ, ಹುಡುಕಿದ್ದೆ. ಕ್ಲೇರನ ಬಂದೂಕು ಇವತ್ತಿಗೂ ಅವಳ ಕಪಾಟಿನಲ್ಲಿ ಕೋಟುಗಳ ಹಿಂದಿದೆ. ಪ್ರತಿವರ್ಷ ಮೊದಲ ದಿನ ಅದನ್ನು ತೆಗೆದುಕೊಂಡು ಒಬ್ಬಳೇ ಕಾಡಿಗೆ ಹೋಗಿ, ಒಂದು ಜಿಂಕೆ ಹೊಡೆದು, ಚಳಿಗಾಲವಿಡೀ ತಿನ್ನುತ್ತಾಳೆ.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಹತ್ತೊಂಬತ್ತು ವರ್ಷದವನೊಬ್ಬ ನಮ್ಮ ಪ್ರಾಥಮಿಕ ಶಾಲೆಯ ಪಕ್ಕದ ಬಾಗಿಲಿನಿಂದ ಒಳಗೆ ಬಂದ. ನಾಲ್ಕು ಮಕ್ಕಳೂ ಶಾಲೆ ಗುಡಿಸುತ್ತಿದ್ದ ಮುದುಕನೂ ಸತ್ತರು. ಮಂಡಳಿಯ ಕಚೇರಿ ಅದೇ ಕಟ್ಟಡದ ಹಿಂಭಾಗದಲ್ಲಿದೆ. ಆರ್ಡಿತ್ ಬಾಗಿಲು ಹಾಕಿಕೊಂಡು, ಪೊಲೀಸರಿಗೆ ಫೋನ್ ಮಾಡಿ, ಮೇಜಿನ ಕೆಳಗೆ ಕೂತಳು. ಕೂತು, ಹಳದಿ ಕಾಗದದ ಮೇಲೆ ಕೇಳಿಸಿದ ಪ್ರತಿಯೊಂದು ಸದ್ದಿನ ಎದುರು ಗಂಟೆ, ನಿಮಿಷ, ಸೆಕೆಂಡು ಬರೆದಳು. ಮೊದಲ ಸದ್ದಿನಿಂದ ಕೊನೆಯ ಸದ್ದಿಗೆ ಆರು ನಿಮಿಷ ನಲವತ್ತು ಸೆಕೆಂಡು. ಪೊಲೀಸರು ಆ ಕಾಗದವನ್ನು ಮೆಚ್ಚಿಕೊಂಡರು, ಪತ್ರಿಕೆಯವರು ಅಚ್ಚು ಹಾಕಿದರು. ಗೋಡೆಯ ಆಚೆ ಮಕ್ಕಳು ಸಾಯುತ್ತಿರುವಾಗ ಕೈ ನಡುಗದೆ ಅಂಕಿ ಬರೆಯುವವಳನ್ನು ಏನೆನ್ನಬೇಕು ಎಂದು ಊರು ಕೇಳಿತು. ನನಗೆ ಉತ್ತರ ಗೊತ್ತಿತ್ತು, ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಆಮೇಲೆ ಎಲ್ಲ ಕಡೆ ಆಗುವುದೇ ಇಲ್ಲೂ ಆಯಿತು. ಮೇಣದ ಬತ್ತಿ, ಗೊಂಬೆಗಳ ರಾಶಿ, ಟಿ.ವಿ. ವ್ಯಾನುಗಳು. ಬಂದೂಕಿಗೆ ಕಡಿವಾಣ ಬೇಕೆನ್ನುವವರು ಒಂದು ಬಸ್ಸಿನಲ್ಲಿ, ಬಂದೂಕು ನಮ್ಮ ಹಕ್ಕೆನ್ನುವವರು ಇನ್ನೊಂದರಲ್ಲಿ. ಹೊರಗಿನವರಿಗಾಗಿ ಆ ಬೇಸಿಗೆ ವಿಳಾಸದ ನಿಯಮ ಸಡಿಲಿಸಿದರು, ನಿಮಿಷದ ನಿಯಮ ಸಡಿಲಿಸಲಿಲ್ಲ. ಟೋಪಿಯವನೊಬ್ಬ ಸಂವಿಧಾನ ಓದುತ್ತಿದ್ದಾಗ ಹೇಂಟೆ ಕೂಗಿತು. ಪ್ರೊಫೆಸರ್ ಹೆಂಗಸೊಬ್ಬಳು ಸತ್ತವರ ಅಂಕಿಅಂಶ ಹೇಳುತ್ತಿದ್ದಾಗಲೂ ಕೂಗಿತು. ಎರಡು ಬಸ್ಸಿನವರೂ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: ಆ ಮುದುಕಿ ರಾಕ್ಷಸಿ. ಚಳಿ ಬಂತು. ಬಸ್ಸುಗಳು ಇನ್ನೊಂದು ಶಾಲೆಗೆ ಹೋದವು, ಅಷ್ಟರಲ್ಲಿ ಅಲ್ಲೂ ಮಕ್ಕಳು ಸತ್ತಿದ್ದರು. ರಾಜಧಾನಿಯಲ್ಲಿ ಬಂದೂಕಿನ ಮಸೂದೆ ಸಮಿತಿಗೆ ಹೋಯಿತು, ಸಮಿತಿಯಿಂದ ಹೊರಗೆ ಬರಲಿಲ್ಲ.

ನಮಗೆ ಉಳಿದದ್ದು ಜಿಮ್ಮಿನ, ಅಂದರೆ ಶಾಲೆಯ ಆಟದ ಹಾಲಿನ, ಪ್ರಶ್ನೆ ಒಂದೇ. ಊರಿನವರೇ ಪುಕ್ಕಟೆ ದುಡಿದು ನಡೆಸುವ ಅಗ್ನಿಶಾಮಕ ದಳ ಪ್ರತಿವರ್ಷ ಬೇಟೆಗೆ ಮುಂಚೆ ಬಂದೂಕಿನ ಲಾಟರಿ ನಡೆಸುತ್ತದೆ. ಬಹುಮಾನಕ್ಕೆ ಹನ್ನೆರಡು ಬಂದೂಕು, ಚೀಟಿ ತುಂಬಿದ ಕಬ್ಬಿಣದ ಡ್ರಮ್ಮು, ಚೀಟಿ ಎತ್ತಲು ಒಂದು ಮಗು. ಅಷ್ಟು ಜನ ಹಿಡಿಸುವ ಜಾಗ ಊರಲ್ಲಿ ಪ್ರಾಥಮಿಕ ಶಾಲೆಯ ಜಿಮ್ ಒಂದೇ. ಗುಂಡು ಹಾರಿದ ವರ್ಷ ಗೌರವಕ್ಕೆಂದು ನಿಲ್ಲಿಸಿದ್ದರು. ಮರುವರ್ಷ ಮತ್ತೆ ಅರ್ಜಿ ಬಂತು. ಲಾಟರಿ ಅಲ್ಲಿ ಬೇಡ ಎಂದು ಕೇಳಿದವನು ನೆವಿನ್ ಬ್ರುಬೇಕರ್.

ನೆವಿನ್ ಮರ ಕೊಯ್ಯುವ ಮಿಲ್ಲಿನವನು, ನನ್ನ ಹಳೆಯ ವಿದ್ಯಾರ್ಥಿ, ಓದುವುದರಲ್ಲಿ ನಿಧಾನ. ಸತ್ತ ನಾಲ್ಕು ಮಕ್ಕಳಲ್ಲಿ ಅವನ ಮಗಳು ಕೋರಾ ಒಬ್ಬಳು. ಜನವರಿಯಲ್ಲಿ ಒಂದು ಕಾಗದ ಹಿಡಿದು ಬಂದ. ಸತ್ತವರ ಬಗ್ಗೆ ಒಬ್ಬೊಬ್ಬರಿಗೆ ಕೆಲವು ಸಾಲು: ಗುಡಿಸುವ ಮುದುಕ ಜೇಬಿನಲ್ಲಿ ಪುದೀನ ಮಿಠಾಯಿ ಇಟ್ಟುಕೊಂಡಿರುತ್ತಿದ್ದದ್ದು, ಒಬ್ಬ ಹುಡುಗ ಹುಟ್ಟುಹಬ್ಬದ ಬೂಟು ಹಾಕಿಕೊಂಡು ಬಂದಿದ್ದದ್ದು. ನಾಲ್ವರದ್ದು ಮುಗಿಸಿ “ಐದನೆಯವಳು” ಎನ್ನುವಷ್ಟರಲ್ಲಿ ಹೇಂಟೆ ಕೂಗಿತು. ಫೆಬ್ರವರಿಯಲ್ಲಿ ಮೊದಲಿಂದ ಓದಿದ, ಅದೇ ಜಾಗದಲ್ಲಿ ಕೂಗಿತು. ಮಾರ್ಚಿನಲ್ಲೂ. ನಡಾವಳಿಯಲ್ಲಿ ಪ್ರತಿ ತಿಂಗಳೂ ಒಂದೇ ಬಗೆ: “ಐದನೆಯವಳು— ಸಮಯ ಮುಗಿಯಿತು. ಪ್ರಾರಂಭ 7.38, ಮುಕ್ತಾಯ 7.41.”

ಏಪ್ರಿಲಿನಲ್ಲಿ ನಾನೂ ಚೀಟಿ ಕೊಟ್ಟು ಎದ್ದು ನಿಂತೆ.

“ನನ್ನ ಮೂರು ನಿಮಿಷ ನೆವಿನ್‌ಗೆ ಕೊಡು.”

“ಹೊತ್ತು ದಾನ ಮಾಡೋಕೆ ಬರಲ್ಲ,” ಎಂದಳು ಆರ್ಡಿತ್, ತಲೆ ಎತ್ತದೆ. “ಒಂಬತ್ತನೇ ನಿಯಮ. ನೀನು ಮಾತಾಡ್ತೀಯೋ, ಕೂರ್ತೀಯೋ?”

ಕೂತೆ. ಹೊರಗೆ ಬಂದ ಮೇಲೆ ನೆವಿನ್‌ನನ್ನು ನಿಲ್ಲಿಸಿ ಗದರಿಸಿದೆ. “ಒಂದು ನಿಮಿಷದಷ್ಟು ಕಡಿಮೆ ಮಾಡೋ. ಪರೀಕ್ಷೇಲೂ ಹೀಗೇ ಮಾಡ್ತಿದ್ದೆ, ಕೊನೇ ಪ್ರಶ್ನೆಗೆ ಬರೋದ್ರಲ್ಲಿ ಬೆಲ್ ಹೊಡೀತಿತ್ತು.”

“ಯಾವುದು ತೆಗೀಲಿ ಟೀಚರ್? ನಾಲ್ಕು ಜನರದ್ದು ತೆಗೆದ್ರೆ ನಂದು ಸೇರುತ್ತೆ. ಮುದುಕಪ್ಪನ ಮಿಠಾಯಿ ತೆಗೀಲಾ? ಆ ಹುಡುಗನ ಬೂಟು ತೆಗೀಲಾ? ಅವರಮ್ಮ ಎದುರಿಗೇ ಕೂತಿರ್ತಾಳೆ.”



ಊರು ಅಷ್ಟರಲ್ಲಿ ದಣಿದಿತ್ತು. ಹೋಟೆಲಿನಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥ ಲಾಮಾರ್ ಫ್ರೈ ಬೀಟ್‌ರೂಟಿನಲ್ಲಿ ನೆನೆಸಿದ ಕೆಂಪು ಮೊಟ್ಟೆ ತಿನ್ನುತ್ತಾ ನನಗೇ ಕೇಳಿಸುವಂತೆ ಹೇಳಿದ: “ಆರ್ಡಿತ್ ಕೋಳಿ ಕೂಗಿದ್ರೆ ಬೆಳಗಾಗಲ್ಲ ಕಣ್ರೋ, ನೆವಿನ್ ಬಾಯಿ ಮುಚ್ಚುತ್ತೆ.” ನಾಲ್ಕು ಜನ ನಕ್ಕರು. ನಾನು ನೋಡಿದಾಗ ಲಾಮಾರ್ ಮುಖ ಕೆಳಗೆ ಹಾಕಿದ. “ನಗಬಾರದಿತ್ತು, ಗೊತ್ತು. ಆದ್ರೆ ಒಂದು ಹೇಳಿ ಟೀಚರ್. ಆವತ್ತು ಮಕ್ಕಳನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದ ಆಂಬುಲೆನ್ಸ್ ಎಲ್ಲಿಂದ ಬಂತು? ಆ ಲಾಟರಿ ದುಡ್ಡಿಂದ. ಅದರ ಎಂಜಿನ್ ಈಗ ಕೆಮ್ತಾ ಇದೆ. ನಾಳೆ ನಿಮಗೇ ಎದೆನೋವು ಬಂದ್ರೆ ನೆವಿನ್ ಕಾಗದದ ಮೇಲೆ ಮಲಗಿಸ್ಕೊಂಡು ಹೋಗ್ಲಾ?”

ಅವನೂ ಸುಳ್ಳು ಹೇಳುತ್ತಿರಲಿಲ್ಲ. ಈ ಊರಿನ ಕಷ್ಟ ಅದೇ.

ಸೆಪ್ಟೆಂಬರಿನಲ್ಲಿ ಮತಕ್ಕೆ ಹಾಕುವ ದಿನ ಜಾಗವಿಲ್ಲದೆ ಜನ ಗೋಡೆಗೊರಗಿ ನಿಂತಿದ್ದರು. ನೆವಿನ್ ಒಂಬತ್ತನೆಯ ಸಲ ಮೊದಲಿಂದ ಓದಿದ. ಕಾಗದ ಮಡಿಕೆಗಳಲ್ಲಿ ಹರಿದಿತ್ತು. ಮಿಠಾಯಿ, ಬೂಟು, ಉಳಿದಿಬ್ಬರು. “ಐದನೆಯವಳು” ಎಂದ. ಟ್ರಿಣ್.

ಅವನು ಕೂರಲಿಲ್ಲ. “ಅವನಿಗೆ ಎಷ್ಟು ಹೊತ್ತು ಸಿಕ್ತು ಮಿಸೆಸ್ ಶೂಪ್?”

ಅಧ್ಯಕ್ಷ ಗೇಲನ್ ಬೋಯರ್ ಮೇಜು ಕುಟ್ಟುವ ಸುತ್ತಿಗೆಗೆ ಕೈ ಹಾಕಿ ಹಾಗೇ ನಿಂತ.

“ನೀವೇ ಬರ್ದಿದ್ದೀರಲ್ಲ, ಮೇಜಿನ ಕೆಳಗೆ ಕೂತು. ಅವನಿಗೆ ಎಷ್ಟು ನಿಮಿಷ? ನಂಗೆ ಮೂರು. ಅವನಿಗೆ ಎಷ್ಟು?”

ಆರ್ಡಿತ್ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. “ಆರು ನಿಮಿಷ ನಲವತ್ತು ಸೆಕೆಂಡು,” ಎಂದಳು. “ನಿಮ್ಮ ಸಮಯ ಮುಗಿಯಿತು, ಮಿಸ್ಟರ್ ಬ್ರುಬೇಕರ್.”

ಹಿಂದಿನಿಂದ ಯಾರೋ “ಥೂ” ಎಂದರು. ಆ ಥೂ ಯಾರದೆಂದು ನನಗೆ ಗೊತ್ತು. ಬೂಟಿನ ಹುಡುಗನ ತಾಯಿಯದು.

ಮತ ಏಳಕ್ಕೆ ಎರಡು. ಜಿಮ್ ಕೊಡುವುದೆಂದಾಯಿತು. ಗೇಲನ್ “ಬೇರೆ ಜಾಗ ಇದ್ದಿದ್ರೆ ನೋಡ್ಬಹುದಿತ್ತು” ಎಂದ, ಯಾರಿಗೆಂದು ತಿಳಿಯಲಿಲ್ಲ. ನೆವಿನ್ ಕಾಗದವನ್ನು ನಾಲ್ಕಾಗಿ ಮಡಿಸಿ ಬಾಗಿಲ ಬಳಿಯ ಕಸದ ಬುಟ್ಟಿಗೆ ಹಾಕಿ ಹೋದ. ಮುಂದಿನ ಸಭೆಗೆ ಬರಲಿಲ್ಲ. ಅಕ್ಟೋಬರಿನ ಆ ಸಭೆಯಲ್ಲಿ ಗೇಲನ್ ಎಂದಿನಂತೆ “ಹಿಂದಿನ ನಡಾವಳಿಗೆ ತಿದ್ದುಪಡಿ ಏನಾದ್ರೂ ಇದೆಯಾ?” ಎಂದು ಕೇಳಿದ. ಸದಸ್ಯರು ಅದನ್ನು ಓದುವುದಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಅಂಗೀಕಾರವಾಯಿತು. ಅಂಗೀಕಾರವಾದ ನಡಾವಳಿಯನ್ನು ಮತ್ತೆ ಯಾರೂ ತಿದ್ದುವಂತಿಲ್ಲ, ನಿಯಮ ಹದಿನಾಲ್ಕು.

ನವೆಂಬರಿನಲ್ಲಿ ಲಾಟರಿ ನಡೆಯಿತು. ಜಿಮ್ ತುಂಬಿತ್ತು, ಕೋಳಿ ಜೋಳದ ಸೂಪು ಖಾಲಿಯಾಯಿತು. ಚೀಟಿ ಎತ್ತಿದ್ದು ಲಾಮಾರನ ಮೊಮ್ಮಗಳು; ಡ್ರಮ್ಮಿಗೆ ಕೈ ಎಟುಕದೆಂದು ಕುರ್ಚಿಯ ಮೇಲೆ ನಿಲ್ಲಿಸಿದ್ದರಂತೆ. ನೆವಿನ್ ಬೇಟೆ ಶುರುವಾಗುವ ಮೊದಲೇ ಹೆಂಡತಿಯನ್ನು ಕರೆದುಕೊಂಡು ಒಹಾಯೋದಲ್ಲಿರುವ ತಮ್ಮನ ಮನೆಗೆ ಹೋದ. ಮನೆ ಮಾರಾಟಕ್ಕಿದೆ, ಕೊಳ್ಳುವವರಿಲ್ಲ. ಹೊಸ ಆಂಬುಲೆನ್ಸ್ ಬಂದಿದೆ, ಬಿಳಿ ಬಣ್ಣದ್ದು.

ನಡಾವಳಿಯ ಪ್ರತಿ ಗ್ರಂಥಾಲಯದಲ್ಲಿರುತ್ತದೆ. ಫೆಬ್ರವರಿಯಲ್ಲಿ ಹಿಮ ಬಿದ್ದು ಬೇರೆಲ್ಲೂ ಹೋಗಲಾಗದ ದಿನ ಸೆಪ್ಟೆಂಬರಿನದನ್ನು ತೆಗೆದೆ. ಎಂದಿನ ಚಾಳಿ, ತಪ್ಪು ಹುಡುಕುವುದಕ್ಕೆ. ಮಿಠಾಯಿ, ಬೂಟು, ಉಳಿದಿಬ್ಬರು ಎಲ್ಲ ಸರಿಯಾಗಿತ್ತು. “ಐದನೆಯವಳು” ಬಂತು. ಅದರ ಮುಂದೆ ಗೆರೆ ಇರಲಿಲ್ಲ.

“ಐದನೆಯವಳು ಕೋರಾ, ನನ್ನ ಮಗಳು. ಹದಿನಾಲ್ಕು ವರ್ಷದ ಹಿಂದೆ ಲಾಟರಿಗೆ ಈ ಜಿಮ್ ಕೇಳಿ ಮೊದಲ ಅರ್ಜಿ ಬರೆದವನು ನಾನು. ಪ್ರತಿವರ್ಷ ಚೀಟಿ ಮಾರಿದವನೂ ನಾನು. ಕೊನೆಯ ಸಲ ಚೀಟಿ ಎತ್ತಿದ್ದು ಕೋರಾ. ಕೈ ಎಟುಕದೆಂದು ಕುರ್ಚಿಯ ಮೇಲೆ ನಿಲ್ಲಿಸಿದೆ. ಹನ್ನೆರಡು ಬಂದೂಕಿಗೆ ಹನ್ನೆರಡು ನಂಬರು ಕೂಗಿದಳು. ನೀವೆಲ್ಲ ಚಪ್ಪಾಳೆ ಹೊಡೆದಿರಿ, ನಾನೂ ಹೊಡೆದೆ. ನನ್ನ ಮನೆಯಲ್ಲಿ ಏಳು ಬಂದೂಕಿವೆ. ನಿಮ್ಮದನ್ನು ಬಿಡಿ ಎಂದು ಕೇಳುತ್ತಿಲ್ಲ. ಆ ಕುರ್ಚಿ ಇನ್ನೂ ಅಲ್ಲೇ ಇದೆ. ಅದರ ಮೇಲೆ ಇನ್ನೊಂದು ಮಗುವನ್ನು ನಿಲ್ಲಿಸಬೇಡಿ.”

ಇದನ್ನು ನೆವಿನ್ ಸಭೆಯಲ್ಲಿ ಆಡಲಿಲ್ಲ. ನಾನು ಅಲ್ಲಿದ್ದೆ. ಆರ್ಡಿತ್ ಕಸದ ಬುಟ್ಟಿಗೆ ಬಗ್ಗಿದ್ದನ್ನು ನಾನು ನೋಡಲಿಲ್ಲ, ಯಾರೂ ನೋಡಿರಲಿಕ್ಕಿಲ್ಲ. ಕೆಳಗೆ ಎಂದಿನ ಜಾಗದಲ್ಲಿ, ಎಂದಿನ ಅಕ್ಷರಗಳಲ್ಲಿ, ಹೊತ್ತು ಬರೆದಿತ್ತು:

“ಪ್ರಾರಂಭ 7.41. ಮುಕ್ತಾಯ 7.47, ನಲವತ್ತು ಸೆಕೆಂಡು.”